ಸೊಪ್ಪಿನ ಮಡಿ ಒಣಗಲು ಬಿಟ್ಟ ಬೇಸಿಗೆ

2024ರ ಫೆಬ್ರವರಿಯಲ್ಲಿ ನಮ್ಮ ಚರ್ಚಿನ ಬೋರ್‌ವೆಲ್ ಮೊದಲು ಕೆಸರು ಕಕ್ಕಿತು, ಆಮೇಲೆ ಬರೀ ಗಾಳಿ. ಮೋಟಾರು ಸುಟ್ಟುಹೋದೀತೆಂದು ಸ್ವಿಚ್ಚು ಆರಿಸಿಬಿಟ್ಟೆವು. ನಮ್ಮ ಬಡಾವಣೆ ಬಾಗಲಗುಂಟೆಯಲ್ಲಿ ಆಗ ಯಾವ ಬೀದಿಗೆ ಹೋದರೂ ಇದೇ ಮಾತು. ಬೆಂಗಳೂರಿನ 13,900 ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದು ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು.

ಚರ್ಚಿನ ಹಿಂದೆ ಎರಡು ಸೈಟಿನಷ್ಟು ಜಾಗವಿದೆ. ಯಾರೋ ಮನೆ ಒಡೆದ ಇಟ್ಟಿಗೆ, ಗಾರೆ ತಂದು ಅಲ್ಲಿ ಸುರಿದಿದ್ದರು. ಬೋರ್ ಬತ್ತುವ ಮೊದಲೇ ಸಭಾ ಸಮಿತಿಯವರು ಅದನ್ನು ಎತ್ತಿಸಿಕೊಟ್ಟಿದ್ದರು; ಸ್ತ್ರೀಯರ ಕೂಟದ ನಾವು ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿ ಮಡಿ ಕಟ್ಟಿದ್ದೆವು. ಬೀಜಕ್ಕೆ ಅಲೆಯಬೇಕಿರಲಿಲ್ಲ. ನಮ್ಮ ಚರ್ಚಿನ ಪಕ್ಕದ ಹೆಸರಘಟ್ಟ ರಸ್ತೆಯಲ್ಲಿ ಮುಂದೆ ಹೋದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅರ್ಕಾ ಅನಾಮಿಕ ಬೆಂಡೆ, ಕೊಯ್ದಷ್ಟೂ ಚಿಗುರುವ ಅರ್ಕಾ ಸುಗುಣ ದಂಟು ಅಲ್ಲಿಯ ತಳಿಗಳೇ. ಭಾನುವಾರ ಆರಾಧನೆ ಮುಗಿದ ಮೇಲೆ ಸೊಪ್ಪು ಕಟ್ಟಿ ಜಗಲಿಯ ಮೇಲೆ ಇಡುತ್ತಿದ್ದೆವು. ಕೆಲಸ ಹೋದವರ ಮನೆಗೆ, ಕಾಯಿಲೆಯವರ ಮನೆಗೆ ಮೊದಲು. ಚರ್ಚಿಗೆ ಬರುವವರೋ ಅಲ್ಲವೋ ಎಂದು ಕೇಳುವ ಪದ್ಧತಿ ಇರಲಿಲ್ಲ.

ದುಡಿಯುವವರು ಹೆಚ್ಚಾಗಿ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ವಾರಕ್ಕೆ ಒಂದು ರಜೆ, ಅದನ್ನೂ ತೋಟಕ್ಕೆ ಕೊಡುತ್ತಿದ್ದರು. ಹಾಗಾಗಿ ಭಾನುವಾರ ಇಪ್ಪತ್ತು ಕೈ, ಬುಧವಾರ ನಾಲ್ಕೇ ಕೈ. ಗಿಡಕ್ಕೆ ಬಾಯಾರುವುದು ವಾರವಿಡೀ. ಸ್ವಯಂಸೇವಕರ ತೋಟ ನಡೆಸಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ.

ಮಾರ್ಚ್ ಎರಡನೇ ವಾರದ ಹೊತ್ತಿಗೆ ಜಲಮಂಡಳಿಯ ಆದೇಶ ಬಂತು. ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕಟ್ಟಲು ಬಳಸಿದರೆ 5,000 ರೂಪಾಯಿ ದಂಡ. ಜಿಲ್ಲಾಡಳಿತ ಟ್ಯಾಂಕರಿಗೂ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ನಮ್ಮ ಬೀದಿಗೆ ಆ ದರದಲ್ಲಿ ಟ್ಯಾಂಕರ್ ಬರಲಿಲ್ಲ. ಕೇಳಿದಷ್ಟು ಕೊಟ್ಟರೂ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು.

ನಮ್ಮ ಪಾದ್ರಿ ಅಯ್ಯನವರ ಮನೆಯಲ್ಲಿ ಸಮಿತಿ ಸೇರಿತು. ಮಣ್ಣು ತರಿಸಲು ತಮ್ಮ ಪಿಂಚಣಿ ಹಣ ಕೊಟ್ಟಿದ್ದ ಹಿರಿಯರೊಬ್ಬರು, "ಆದೇಶ ಇರೋದು ಕುಡಿಯೋ ನೀರಿಗಮ್ಮ. ಬೋರ್ ನೀರಿನ ಟ್ಯಾಂಕರ್ ಒಂದು ಹಾಕಿಸೋಣ. ಈಸ್ಟರಿಗೆ ಕೊಡೋಕೆ ಸೊಪ್ಪು ಬೇಡ್ವಾ?" ಅಂದರು. ಕೇಡು ಬಯಸಿ ಆಡಿದ ಮಾತಲ್ಲ. ಆದರೆ ಬೀದಿಯ ಜನ ಅದೇ ಬೋರ್ ನೀರನ್ನೇ ಕುಡಿಯುತ್ತಿದ್ದರು. "ಗೇಟಿನ ಆಚೆ ಕೊಡ ಹಿಡ್ಕೊಂಡು ನಿಂತಿದಾರೆ ಸಾರ್. ಅವರ ಕಣ್ಣೆದುರಿಗೆ ಪೈಪು ಒಳಗೆಳೆದು ಪಾಲಕ್‌ಗೆ ಬಿಡೋಕೆ ನನ್ ಕೈಲಾಗಲ್ಲ" ಅಂದೆ. ಬೀದಿಗೆ ನೀರಿಲ್ಲದಾಗ ಚರ್ಚಿನ ತೋಟಕ್ಕೆ ನೀರು ಕುಡಿಸುವ ಹಕ್ಕಿಲ್ಲ ಎಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆ ಹಿರಿಯರು ಎದ್ದು ಹೋದರು.

ಕಾರ್ಖಾನೆಯೊಂದರ ಬೋರ್ ನೀರು ಬಿಟ್ಟಿ ಕೊಡಿಸುತ್ತೇನೆಂದು ಇನ್ನೊಬ್ಬರು ಬಂದರು. ಅದನ್ನೂ ಬೇಡವೆಂದೆವು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡ ಸಂಗತಿ. ಆ ನೀರು ಕುಡಿದ ಸೊಪ್ಪನ್ನು ಯಾರ ಮಗುವಿಗೆ ತಿನ್ನಿಸುವುದು?

ಕೊನೆಗೆ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ಕೂತು ತೀರ್ಮಾನ ಮಾಡಬೇಕಾಯಿತು. ಪಾಲಕ್, ಕೊತ್ತಂಬರಿ, ಮೆಂತ್ಯವನ್ನು ಕಿತ್ತು ಹಸುಗಳಿಗೆ ಹಾಕಿದೆವು. ಮೆಂತ್ಯ ಇನ್ನೂ ಎರಡೆಲೆ. ಕೀಳುವಾಗ ಒಬ್ಬ ಹುಡುಗಿ ಅತ್ತಳು, ಅವಳೇ ಬಿತ್ತಿದ್ದು. ದಂಟನ್ನು ಬೀಜಕ್ಕೆ ಬಿಟ್ಟೆವು. ನುಗ್ಗೆ, ಕರಿಬೇವು, ಬಸಳೆ, ಬದನೆ ಇಷ್ಟನ್ನು ಹೇಗಾದರೂ ಜೀವ ಹಿಡಿಸುವುದು. ಬುಡಕ್ಕೆ ತೆಂಗಿನ ಗರಿ, ಒಣ ಎಲೆ ಮುಚ್ಚಿ, ಹಳೆಯ ಮಣ್ಣಿನ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತೆವು. ಮಡಕೆಗೆ ಸುರಿದ ನೀರು ನಿಧಾನವಾಗಿ ಬೇರಿಗೆ ಒಸರುತ್ತದೆ, ಬಿಸಿಲಿಗೆ ಹಾರಿಹೋಗುವುದಿಲ್ಲ.

ನೀರು? ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು. ಅಕ್ಕಪಕ್ಕದ ಬೀದಿಗಳ ಮನೆಗಳಿಗೆ ಖಾಲಿ ಪೇಂಟಿನ ಡಬ್ಬ ಕೊಟ್ಟು ಬಂದೆವು. ಸಂಜೆ ಗೇಟಿನ ಹತ್ತಿರ ನಮ್ಮ ಸಭೆಯ ಅಜ್ಜಿಯೊಬ್ಬರು ಮಣೆ ಹಾಕಿಕೊಂಡು ಕೂರುತ್ತಿದ್ದರು. ಬಂದ ಪ್ರತಿ ಡಬ್ಬಕ್ಕೂ ಕೈ ಅದ್ದಿ, ಹೆಬ್ಬೆರಳು ತೋರುಬೆರಳು ಉಜ್ಜಿ ನೋಡುವರು. ಜಾರಿದರೆ ಸೋಪಿನ ನೀರು: "ಇದು ರಸ್ತೆ ಮರಕ್ಕೆ ಹೋಗ್ಲಿ." ಜಾರದಿದ್ದರೆ ಮೂಸುವರು. ಅಕ್ಕಿ ನೀರು ಒಂದು ರಾತ್ರಿ ನಿಂತರೆ ಹುಳಿವಾಸನೆ ಹೊಡೆಯುತ್ತದೆ, ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದನ್ನು ಕಲಕಿ ಮಡಕೆಗೆ ಸುರಿಸುವರು.

ಮಾರ್ಚ್ 24, ಗರಿಗಳ ಭಾನುವಾರ. ಆರಾಧನೆ ಮುಗಿಸಿ ನೀರು ಹಾಕುತ್ತಿದ್ದುದನ್ನು ಮಹಡಿಯಿಂದ ಯಾರೋ ವೀಡಿಯೊ ತೆಗೆದರು. ಕುಡಿಯೋಕೆ ಗತಿಯಿಲ್ಲ, ಚರ್ಚಿನವರು ತೋಟಕ್ಕೆ ಸುರೀತಿದಾರೆ ಎಂಬ ಒಕ್ಕಣೆಯೊಂದಿಗೆ ಅದು ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಸಂಜೆಗೆ ಗೇಟಿನ ಮುಂದೆ ಜನ. ನಮ್ಮಂಥ ಸಣ್ಣ ಸಭೆಯ ಬಾಗಿಲಲ್ಲಿ ಜನ ಸೇರಿ ಕೂಗಾಡಿದರೆ ಎಂಥ ಭಯವಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಕಾಲು ನಡುಗುತ್ತಿತ್ತು. ಅಯ್ಯನವರು ಮಾತು ಶುರು ಮಾಡುವ ಮೊದಲೇ ಅಜ್ಜಿ ಒಂದು ಡಬ್ಬ ತಂದು ಮುಂದೆ ನಿಂತಿದ್ದ ಹುಡುಗನ ಕಾಲ ಬಳಿ ಇಟ್ಟರು. "ಮೂಸಿ ನೋಡಪ್ಪಾ. ಕುಡೀತೀಯಾ ಇದನ್ನ?"

ಅವನು ಬಗ್ಗಿ ನೋಡಿದ. ಗುಂಪಿನಲ್ಲಿದ್ದ ಒಬ್ಬ ಹೆಂಗಸು, "ಅದು ನಮ್ಮನೆ ಡಬ್ಬ ಕಣ್ರೋ" ಅಂದಳು. ಜನ ಚದುರಿದರು. ವೀಡಿಯೊ ಮಾತ್ರ ಯಾರೂ ಅಳಿಸಲಿಲ್ಲ. ಮನೆಯಲ್ಲಿ ಬೇಡವೆಂದರೆಂದು ನಮ್ಮ ಕೂಟದ ಕೆಲವರು ಆಮೇಲೆ ತೋಟಕ್ಕೆ ಬರುವುದನ್ನೇ ಬಿಟ್ಟರು. ಬಿಸಿಲಿಗಿಂತ ಇದು ನನ್ನನ್ನು ಹೆಚ್ಚು ಸೋಲಿಸಿತು.

ಏಪ್ರಿಲ್‌ನಲ್ಲಿ ನಗರದ ಮಳೆಮಾಪಕದಲ್ಲಿ ಹನಿ ಬೀಳಲಿಲ್ಲ. 1983ರ ನಂತರ ಅಂಥ ಏಪ್ರಿಲ್ ಬಂದಿರಲಿಲ್ಲವಂತೆ. 28ರಂದು 38.5 ಡಿಗ್ರಿ. ಬದನೆಗೆ ಹಿಟ್ಟು ತಿಗಣೆ ಹತ್ತಿತು; ಸಿಂಪಡಿಸಲು ನೀರೆಲ್ಲಿ? ಒದ್ದೆ ಬಟ್ಟೆಯಿಂದ ಎಲೆಯ ಅಡಿ ಒರೆಸಿದೆವು. ಅರ್ಧ ಗಿಡ ಹೋದವು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿ ಕೊಳವೆಯಲ್ಲಿ ನೀರು ಕೊಟ್ಟದ್ದು ಹೆಸರಘಟ್ಟ ಕೆರೆ. ಆ ಕೆರೆಯ ಹೆಸರಿನ ರಸ್ತೆಯ ಪಕ್ಕದಲ್ಲೇ ನಾವು ಅಕ್ಕಿ ತೊಳೆದ ನೀರು ಲೆಕ್ಕ ಹಾಕುತ್ತಿದ್ದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೇ ಮೊದಲ ವಾರ ಮಳೆ ಬಂತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್, 1891ರ ಜೂನ್ ದಾಖಲೆ ಮುರಿದ ಮಳೆ. ಚರಂಡಿ ಉಕ್ಕಿ ಪ್ಲಾಸ್ಟಿಕ್, ಹೂಳು ಎಲ್ಲ ಒಳನುಗ್ಗಿತು. ಜತನ ಮಾಡಿದ್ದ ಮೇಲ್ಮಣ್ಣು ರಸ್ತೆ ಪಾಲಾಯಿತು. ಗರಿ ಮುಚ್ಚಿದ್ದ ಪಾತಿಗಳಲ್ಲಿ ಮಾತ್ರ ಮಣ್ಣು ನಿಂತಿತ್ತು. ಸಲಿಕೆ ಹಿಡಿದು ಬಂದವರಲ್ಲಿ ಚರ್ಚಿನವರಲ್ಲದವರೇ ಹೆಚ್ಚು, ಡಬ್ಬ ಕೊಟ್ಟಿದ್ದ ಮನೆಯವರು. ಮುನಿದ ಹಿರಿಯರು ಬರಲಿಲ್ಲ. ಆರಾಧನೆಯಲ್ಲಿ ಕೈ ಮುಗಿಯುತ್ತಾರೆ, ಮಾತಿಲ್ಲ. ಆ ನೋವು ಹಾಗೇ ಇದೆ.

ಆ ಮಳೆಗಾಲದಲ್ಲೇ ಚರ್ಚಿನ ಛಾವಣಿಯಿಂದ ಪೈಪು ಇಳಿಸಿ ತೊಟ್ಟಿ ಕಟ್ಟಿಸಿದೆವು. ಅಕ್ಟೋಬರ್ 16ರಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದಾಗ, ಇನ್ನು ಡಬ್ಬದ ಕೆಲಸ ಸಾಕಲ್ಲವೇ ಎಂದು ಸಮಿತಿಯಲ್ಲಿ ಕೇಳಿದರು. ನಾನು ಒಪ್ಪಲಿಲ್ಲ. ಈಗ ಬರೆದಿಟ್ಟ ನಿಯಮವೇ ಇದೆ: ಜನವರಿ ಕೊನೆಗೆ ಸೊಪ್ಪಿನ ಬಿತ್ತನೆ ನಿಲ್ಲಬೇಕು, ಫೆಬ್ರವರಿಯಿಂದ ಮಡಕೆ, ಡಬ್ಬ. ಮನೆಗಳವರು ತಾವಾಗಿಯೇ ಡಬ್ಬ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಬುಧವಾರಕ್ಕೆ ಮಾತ್ರ ಇನ್ನೂ ಕೈಗಳು ಸಾಲವು.