ಹೊರಸಿನ ವಯಸ್ಸೆಷ್ಟು?

ನಂದೂರಿನ ಮನೆಯ ಪಡಸಾಲೆಗೆ ಒಂದು ಹಗಲು ಮಂಚ ಬೇಕು. ಬಂದವರು ಕೂಡಬೇಕು, ಮಧ್ಯಾಹ್ನ ಯಾರಾದರೂ ಅಡ್ಡಾಗಬೇಕು, ರಾತ್ರಿ ಉಳಿದವರಿಗೆ ಹಾಸಿಕೊಡಬೇಕು. ಕಲಬುರಗಿಯ ಅಂಗಡಿಗಳಲ್ಲಿ ಇದಕ್ಕೆ ದಿವಾನ ಅಂತಾರೆ. ಓಣಿಯ ಹಿರಿಯರನ್ನು ಕೇಳಿದರೆ, ‘ಒಂದು ಹೊರಸು ಹಾಕ್ರಿ, ಮುಗೀತು’ ಅಂತಾರೆ. ಹೊರಸು ಅಂದರೆ ಹಗ್ಗ ಹೆಣೆದ ಮಂಚ. ಹಳೆಯದು, ನಡುವಯಸ್ಸಿನದು, ಹೊಸದು ಎಂದು ಮೂರು ಪಾಲು ಮಾಡಿಕೊಂಡು ನೋಡಲು ಹೊರಟೆ. ಹೊರಸು ಆ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದೇ ಮೊದಲ ತೊಡಕು.

*

ಸೂಪರ್ ಮಾರ್ಕೆಟ್ ಪೇಟೆಯ ಕಡೆ ನೋಡಿದ ಹೊಸ ದಿವಾನಗಳೆಲ್ಲ ಒಂದೇ ಥರ: ಆರಡಿ ಉದ್ದ, ಮೂರಡಿ ಅಗಲ, ಕೆಳಗೆ ಪ್ಲೈವುಡ್ ಪೆಟ್ಟಿಗೆ, ಮೇಲೆ ಫೋಮ್, ಅದರ ಮೇಲೆ ರೆಕ್ಸಿನ್. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಬೆನ್ನಿಗೂ ನೆಲಕ್ಕೂ ನಡುವೆ ಗಾಳಿ ಸುಳಿಯದ ಮಂಚವನ್ನು ಯಾಕೆ ಮಾಡುತ್ತಾರೆ? ಅಂಗಡಿಯವರು ಹೇಳಿದರು: ‘ಕೌದಿ, ಹಾಸಿಗಿ ಎಲ್ಲಾ ಒಳಗ ಇಡಬೌದ್ರಿ. ಈಗಿನ ಮನಿಯಾಗ ಜಾಗಾ ಎಲ್ಲದ?’ ಅದು ನಿಜ. ಮಾಳಿಗೆಮನೆಯಲ್ಲಿ ಗೋಡೆಯೇ ಅಲಮಾರಿಯಾಗಿತ್ತು, ಗೂಡು ಮಾಡುಗಳು ಬೇಕಾದಷ್ಟಿದ್ದವು. ಸಿಮೆಂಟಿನ ತೆಳು ಗೋಡೆ ಬಂದ ಮೇಲೆ ಆ ಕೆಲಸ ಮಂಚದ ಪಾಲಿಗೆ ಬಂತು. ಅಂದರೆ ದಿವಾನ ಕೊಳ್ಳುವವರು ಅರ್ಧ ಮಂಚ, ಅರ್ಧ ಕಪಾಟು ಕೊಳ್ಳುತ್ತಾರೆ. ಮಲಗುವವರ ಬೆನ್ನು ಲೆಕ್ಕಕ್ಕೆ ಬರುವುದು ಆಮೇಲೆ.

*

ಪುರಾತನ ಎನ್ನಲು ಕಾನೂನಿನಲ್ಲಿ ಒಂದು ಗೆರೆ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಕಲೆ, ಕುಶಲಕಲೆಯ ವಸ್ತುಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಗಳಿಗಾದರೆ 75. ಹಳೆ ಸಾಮಾನಿನ ವ್ಯಾಪಾರಿಗಳ ಬಾಯಲ್ಲಿ ಮಾತ್ರ ಎಲ್ಲವೂ ‘ನಿಜಾಮರ ಕಾಲದ್ದು’.

ಕೆತ್ತನೆಯ ಸಾಗವಾನಿ ಮಂಚ ತೋರಿಸಿದರೆ ಕೆತ್ತನೆ ನೋಡಬಾರದು, ಮಂಚವನ್ನು ಮಗುಚಿ ತಳ ನೋಡಬೇಕು. ಕೈಗರಗಸದ ಗೆರೆ ನೇರವಾಗಿ, ಏರುಪೇರಾಗಿ ಇರುತ್ತದೆ. ಯಂತ್ರದ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೆರೆ ಬಿಡುತ್ತದೆ. ಕೀಲುಗಳಲ್ಲಿ ಮರದ ಬೆಣೆ ಇದೆಯೋ, ಹೊಳೆಯುವ ಸ್ಕ್ರೂ ಇದೆಯೋ ನೋಡಬೇಕು. ನಿಜವಾಗಿ ಬಳಸಿದ ಮಂಚದಲ್ಲಿ ಸವೆತ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಕೂತು ಏಳುವ ಅಂಚು ನುಣುಪಾಗಿರುತ್ತದೆ, ಗೋಡೆಯ ಕಡೆಯದು ಒರಟಾಗಿಯೇ ಉಳಿದಿರುತ್ತದೆ. ಕಾಲಿನ ಬುಡವನ್ನು ಬೆರಳಿನಿಂದ ಬಡಿದು ಕೇಳಬೇಕು. ಒರಲಿ ತಿಂದದ್ದಾದರೆ ಸಪ್ಪಳ ಪೊಳ್ಳು. ಅಳತೆ ಹೊಂದದಿದ್ದರೆ ಚಿಂತೆಯಿಲ್ಲ, ನದಾಫರು ಅರಳೆ ಹಿಂಜಿ ಬೇಕಾದ ಅಳತೆಗೆ ಗಾದಿ ತುಂಬಿಕೊಡುತ್ತಾರೆ.

ಆದರೂ ಕೊಳ್ಳುವವರು ಹಿಂಜರಿಯುತ್ತಾರೆ. ಅದರ ಮೇಲೆ ಯಾರು ಮಲಗಿದ್ದರೋ, ಯಾರು ತೀರಿಕೊಂಡರೋ ಎಂಬ ಅಂಜಿಕೆ. ಹಳೆ ಬಾಗಿಲು, ಹಳೆ ಕಂಬ ತರಲು ಅಂಜದವರು ಹಳೆ ಮಂಚಕ್ಕೆ ಅಂಜುತ್ತಾರೆ.

*

ಕಲಬುರಗಿಯ ಅತ್ಯಂತ ದುಬಾರಿ ಆಸನದ ಅಳತೆ ಓದಿ ಬೆರಗಾದೆ. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಶಾಹನಿಗೆ 14ನೇ ಶತಮಾನದಲ್ಲಿ ತೆಲಂಗಾಣದ ಅರಸನಿಂದ ಬಂದ ತಖ್ತ್-ಎ-ಫಿರೋಜಾ, ಕಲಬುರಗಿ ದರ್ಬಾರಿನ ಸಿಂಹಾಸನ. ಹಿರಿಯರಿಂದ ಕೇಳಿ ಇತಿಹಾಸಕಾರ ಫರಿಶ್ತಾ ಬರೆದಂತೆ ಅದು ಒಂಬತ್ತಡಿ ಉದ್ದ, ಮೂರಡಿ ಅಗಲ. ಕರಿಮರದ್ದು, ಮೇಲೆ ಚಿನ್ನದ ತಗಡು, ರತ್ನಗಳು. ಕಾಲು ಇಳಿಬಿಟ್ಟು ಕೂಡುವ ಕುರ್ಚಿಗೆ ಒಂಬತ್ತಡಿ ಯಾಕೆ? ಚಿನ್ನ ಸುಲಿದು ನೋಡಿದರೆ ಉಳಿಯುವುದು ಪಡಸಾಲೆಯ ಉದ್ದ ಮಂಚದ ಅಳತೆ.

*

ಅದೇ ಶತಮಾನದಲ್ಲಿ ದೆಹಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊರಸನ್ನು ಗಮನವಿಟ್ಟು ನೋಡಿದ್ದಾನೆ. ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ನಡುವೆ ರೇಷ್ಮೆಯ ಇಲ್ಲವೇ ಹತ್ತಿಯ ಹೆಣಿಗೆ; ಒಬ್ಬನೇ ಹೊರಬಹುದಾದಷ್ಟು ಹಗುರ; ತಾನಾಗಿಯೇ ಮೆತ್ತಗಿರುತ್ತದೆ ಎಂದು ಬರೆದ. ಹೆಣಿಗೆಯ ಎಳೆಯೊಂದನ್ನು ಬಿಟ್ಟರೆ, ಇಂದು ಬರೆದರೂ ಒಂದು ಮಾತು ಬದಲಿಸಬೇಕಿಲ್ಲ.

ಇಲ್ಲಿ ನನ್ನ ಮೂರು ಪಾಲಿನ ಲೆಕ್ಕ ಕೆಟ್ಟಿತು. ಕಮಲಾಪುರ ರಸ್ತೆಯ ಒಂದು ಹೊಲಮನೆಯಲ್ಲಿ ಕೇಳಿದೆ, ‘ಈ ಹೊರಸು ಎಷ್ಟು ವರ್ಷದ್ದು?’ ಆ ಮನೆಯ ಆಯಿ ಹೇಳಿದರು: ‘ಕಾಲು ನಮ್ಮ ಮಾವನೋರ ಕಾಲದ್ದು. ಪಟ್ಟಿ ನನ್ನ ಮಗ ಹಾಕಿಸ್ಯಾನ. ಹಗ್ಗ ಹ್ವಾದ ವರ್ಷದ್ದು.’ ಇದಕ್ಕೆ ಯಾವ ವಯಸ್ಸು ಬರೆಯಲಿ? ಸಡಿಲಾದರೆ ಕಾಲ್ದೆಸೆಯ ಹಗ್ಗ ಜಗ್ಗಿ ಬಿಗಿಯುತ್ತಾರೆ, ಹರಿದರೆ ಮತ್ತೆ ಹೆಣೆಯುತ್ತಾರೆ, ತಗಣಿಯಾದರೆ ಕಡುಬಿಸಿಲಿಗೆ ನಿಲ್ಲಿಸುತ್ತಾರೆ. ದುರಸ್ತಿಯೇ ಅದರ ಬದುಕು. ಪ್ಲೈವುಡ್ ದಿವಾನ ಒಮ್ಮೆ ನೀರು ಕುಡಿದು ಉಬ್ಬಿದರೆ ಮುಗಿಯಿತು.

ಆ ಹಗ್ಗದಲ್ಲೂ ಊರಿನ ಕಥೆ ಇದೆ. ರೊಟ್ಟಿಯ ಜೊತೆ ನಾವು ಉಣ್ಣುವ ಪುಂಡಿಯ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಹಗ್ಗ ಹೊಸೆಯುವುದನ್ನೇ ಕಾಯಕ ಮಾಡಿಕೊಂಡಿದ್ದ ನುಲಿಯ ಚಂದಯ್ಯ ಕಲ್ಯಾಣದ ಶರಣರಲ್ಲೊಬ್ಬ. ಈಗ ಬಣ್ಣಬಣ್ಣದ ನೈಲಾನ್. ಕೊಳೆಯುವುದಿಲ್ಲ ನಿಜ, ಆದರೆ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ.

*

ಬೆಲೆ ಎಲ್ಲಿ ಹುಟ್ಟುತ್ತದೆ ಎಂಬುದೂ ತಿಳಿಯದು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥದೇ ಒಂದು ಹೊರಸಿಗೆ 990 ಡಾಲರ್ ಬೆಲೆ ಕಟ್ಟಿದ ಜಾಹೀರಾತು ಬಂದಿತ್ತು. ಚಂಡೀಗಡದ ಕಚೇರಿಗಳಿಗೆಂದು ವಾಸ್ತುಶಿಲ್ಪಿ ಪಿಯರ್ ಜೆನರೆ ಮಾಡಿಸಿದ ಸಾಗವಾನಿ, ಬೆತ್ತದ ಪೀಠೋಪಕರಣಗಳು ಗುಜರಿಗೆ ಹೋಗಿ, ಅಲ್ಲಿಂದ ಯುರೋಪಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಮನೆಯಲ್ಲಿ ಇದ್ದದ್ದರ ಕಿಮ್ಮತ್ತು ಹೊರಗಿನವರು ಹೇಳುವ ತನಕ ನಮಗೆ ಯಾಕೆ ಕಾಣುವುದಿಲ್ಲ?

*

ಹೊರಸನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಪಡಸಾಲೆಯ ಹೊರಸಿನ ಮೇಲೆ ಹಗಲು ಹೊತ್ತು ಕೂತ ಹೆಂಗಸರನ್ನು ನಾನು ಕಂಡದ್ದು ಅಪರೂಪ. ಮುತ್ಯಾ ಮೇಲೆ, ಆಯಿ ಶಹಾಬಾದ ಪರಸಿಯ ನೆಲದ ಮೇಲೆ. ಜೋತುಬಿದ್ದ ಹೊರಸಿನಿಂದ ಮೊಣಕಾಲು ನೋವಿನವರು ಏಳುವುದೂ ಕಷ್ಟ. ಹಾಗಾಗಿ ಎತ್ತರ ಮೊದಲು ನಿಗದಿ ಮಾಡಿದೆ: ಅವ್ವ ಕೂತರೆ ಪಾದ ನೆಲಕ್ಕೆ ಪೂರಾ ತಾಗಬೇಕು, ಕೈ ಊರಿ ಏಳಲು ಅಂಚು ಗಟ್ಟಿ ಇರಬೇಕು. ಅವ್ವನನ್ನು ಬಡಿಗನ ಮನೆಗೆ ಕರೆದೊಯ್ದು, ಒಂದು ಮಣೆಯ ಮೇಲೆ ಕೂಡಿಸಿ ಅಳತೆ ತೆಗೆಸಿದೆ.

ಕಾಲು ಹಳೆಯವು, ಬೇವಿನವು, ಸಿಕ್ಕಿವೆ. ಪಟ್ಟಿ ಹೊಸ ಸಾಗವಾನಿಯವು. ಹೆಣಿಗೆ ಅಗಲವಾದ ಹತ್ತಿ ನವಾರದ್ದು, ಹಗ್ಗಕ್ಕಿಂತ ಕಡಿಮೆ ಜೋಲುತ್ತದೆ. ಬಿಗಿಯಲು ಬರುವವರು ಓಣಿಯಲ್ಲಿ ಉಳಿದಿಲ್ಲ. ಕಮಲಾಪುರದ ಕಡೆಯ ಒಬ್ಬರು, ಜೋಳದ ರಾಶಿ ಮುಗಿಸಿಕೊಂಡು ಬರುತ್ತೇನೆ ಅಂದಿದ್ದಾರೆ.