ಒಂದು ಲೋಟ ಉಗುರುಬೆಚ್ಚನೆಯ ನೀರು

ಅರಸೀಕೆರೆಯ ನಮ್ಮ ಮನೆಯಲ್ಲಿ ಲೆಕ್ಕವೆಂದರೆ ತೆಂಗಿನಕಾಯಿಯ ಲೆಕ್ಕ, ಕೊಬ್ಬರಿಯ ಲೆಕ್ಕ. ಅದರಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಮಂಡಿಯವರು ಸುಮ್ಮನಿರುವವರಲ್ಲ. ಇಂತಹ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಒಂದಲ್ಲ, ಮೂರು ಸೊನ್ನೆಗಳನ್ನು ತಪ್ಪಿ, ವೃದ್ಧ ತಾಯಿಯವರ ನಿದ್ರೆಯನ್ನು ಕೆಡಿಸಿದ ಸಂಗತಿಯನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ತಾಯಿಯವರ ಹೃದಯದ ಬಡಿತವು ನಿಧಾನವಾಗುತ್ತ ಬಂದಿತ್ತು. ಎರಡು ಬಾರಿ ಅಡಿಗೆಮನೆಯಲ್ಲಿ ತಲೆ ಸುತ್ತಿ ಬಿದ್ದ ಮೇಲೆ, ವೈದ್ಯರು ಅವರ ಎಡಭಾಗದ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಇರಿಸಿದರು. ಇಂತಹ ಯಂತ್ರವನ್ನು ಮನುಷ್ಯನ ದೇಹದೊಳಗೆ ಮೊಟ್ಟಮೊದಲು ಇಟ್ಟದ್ದು 1958ರಲ್ಲಿ, ಸ್ವೀಡನ್ ದೇಶದಲ್ಲಿ. ಆರ್ನೆ ಲಾರ್ಸನ್ ಎಂಬ ಆ ರೋಗಿಗೆ ಇಟ್ಟ ಮೊದಲ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತಾದರೂ, ಅವರು ಮುಂದೆ ಯಂತ್ರಗಳ ಮೇಲೆ ಯಂತ್ರಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬಾಳಿದರು. ಇದನ್ನು ಕೇಳಿ ತಾಯಿಯವರಿಗೆ ಧೈರ್ಯ ಬಂದಿತು. ಅದರ ಹಿಂದೆಯೇ ಒಂದು ಪ್ರಶ್ನೆಯೂ ಬಂದಿತು.

“ಅಲ್ಲ ಮಗು, ಕರೆಂಟು ಹರಿದರೆ ಇಸ್ತ್ರಿಪೆಟ್ಟಿಗೆ ಕಾಯುತ್ತದೆ. ನನ್ನೆದೆಯಲ್ಲಿ ಹಗಲಿರುಳೂ ಹರಿಯುತ್ತಿದೆಯಲ್ಲ, ಅದು ಕಾಯುವುದಿಲ್ಲವೆ?”

ಪ್ರಶ್ನೆಯೇನೋ ಯುಕ್ತವಾದದ್ದೇ. ವ್ಯಯವಾದ ವಿದ್ಯುತ್ತು ಕಡೆಗೆ ಶಾಖವಾಗಿಯೇ ಪರಿಣಮಿಸತಕ್ಕದ್ದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಕಾಯಿಸುವ ಶಾಖಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ವಾಟ್ ವಿದ್ಯುತ್ತು ಒಂದು ಗಂಟೆಯ ಕಾಲ ಹರಿದರೆ 860 ಕ್ಯಾಲೊರಿ ಹುಟ್ಟುತ್ತದೆ. ಕೋಣೆ ತಂಪುಮಾಡುವ ಯಂತ್ರವನ್ನು ಮಾರುವವರು ಹೇಳುವ ಬಿ.ಟಿ.ಯು. ಲೆಕ್ಕದಲ್ಲಿಯಾದರೆ ಅದೇ ವಾಟು ಗಂಟೆಗೆ 3.412. ಮನೆಗೆ ಬರುವ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟೆಂದರೆ ಸಾವಿರ ವಾಟಿನ ಒಂದು ಗಂಟೆ. ಅಷ್ಟರಿಂದ 20 ಲೀಟರ್ ಸ್ನಾನದ ನೀರು 43 ಡಿಗ್ರಿಯಷ್ಟು ಏರಬಲ್ಲುದು.

ಯಂತ್ರಕ್ಕೆ ತಗಲುವ ವಿದ್ಯುತ್ತನ್ನು ನಾನು ಚೀಟಿಯೊಂದರಲ್ಲಿ 32 ಎಂದು ಗುರುತು ಹಾಕಿಕೊಂಡಿದ್ದೆ. ಅದರ ಪಕ್ಕದಲ್ಲಿದ್ದ ಅಕ್ಷರವನ್ನು ‘ಮಿಲಿ’ ಎಂದು ಓದಿದೆ. ಬರಹವೂ ನನ್ನದೇ, ಓದಿದವನೂ ನಾನೇ! ಮಿಲಿ ಎಂದರೆ ಸಾವಿರದ ಒಂದು ಪಾಲು. ಗುಣಿಸಿದಾಗ ಗಂಟೆಗೆ ಇಪ್ಪತ್ತೇಳೂವರೆ ಕ್ಯಾಲೊರಿ, ದಿನಕ್ಕೆ 660 ಬಂದಿತು. “ಏನಿಲ್ಲಮ್ಮ, ದಿನಕ್ಕೆ ಒಂದು ಲೋಟ ನೀರನ್ನು ಮೂರು ಡಿಗ್ರಿ ಕಾಯಿಸುವಷ್ಟು” ಎಂದು ವಿದ್ಯಾವಂತನ ಠೀವಿಯಿಂದ ಹೇಳಿ ಮಲಗಿಬಿಟ್ಟೆ. ಸುಮ್ಮನೆ ಕುಳಿತ ಮನುಷ್ಯನ ದೇಹವೇ ಸುಮಾರು 80 ವಾಟಿನಷ್ಟು ಶಾಖವನ್ನು ಹೊರಸೂಸುತ್ತದೆಂಬ ಮಾತನ್ನಾದರೂ ಜೊತೆಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ಎದ್ದು ನೋಡಿದರೆ, ತಾಯಿಯವರು ಎದೆಯ ಮೇಲೆ ಒದ್ದೆಬಟ್ಟೆಯನ್ನು ಹಾಕಿಕೊಂಡು ಹಾಸಿಗೆಯಲ್ಲಿ ಕುಳಿತಿದ್ದಾರೆ! ಗಾಯವಿನ್ನೂ ಮಾಗಿರಲಿಲ್ಲ, ನೀರು ಸೋಕಕೂಡದೆಂದು ವೈದ್ಯರು ಎರಡೆರಡು ಸಲ ಎಚ್ಚರಿಸಿದ್ದರು. “ಒಳಗೆ ಬಿಸಿಯೇರುತ್ತಿದೆಯಪ್ಪ” ಎಂದರು. ಬಟ್ಟೆಯನ್ನು ತೆಗೆದು, ಗಾಯದ ಸುತ್ತ ಒರಸುವಾಗ ನನ್ನ ಕೈ ನಡುಗುತ್ತಿತ್ತು.

ಆ ರಾತ್ರಿಯೇ ದೀಪ ಹಾಕಿಕೊಂಡು ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿದೆ. ಇಂತಹ ಯಂತ್ರದ ಬ್ಯಾಟರಿಯಲ್ಲಿ 2.8 ವೋಲ್ಟಿನಂತೆ ಸುಮಾರು ಒಂದು ಆಂಪಿಯರ್-ಗಂಟೆಯ ವಿದ್ಯುತ್ತಿರುತ್ತದೆ, ಅಂದರೆ ಒಟ್ಟು 2.8 ವಾಟ್-ಗಂಟೆ. ನನ್ನ ಲೆಕ್ಕ ಸರಿಯಾಗಿದ್ದರೆ ಅದು ನಾಲ್ಕು ದಿನವೂ ಬಾರದೆ ಬರಿದಾಗಬೇಕು. ಹತ್ತು ವರ್ಷ, ಎಂದರೆ 87,600 ಗಂಟೆಗಳು ಬರುವುದಾದರೆ, ಚೀಟಿಯ ಅಕ್ಷರವು ಮಿಲಿಯಲ್ಲ, ಮೈಕ್ರೊ. ಹತ್ತು ಲಕ್ಷದ ಒಂದು ಪಾಲು. ಬಿ.ಟಿ.ಯು. ಲೆಕ್ಕದಲ್ಲಿ ಗಂಟೆಗೆ 0.00011. ಹತ್ತು ವರ್ಷಗಳ ಶಾಖವನ್ನೆಲ್ಲ ಒಂದುಗೂಡಿಸಿದರೂ 2,400 ಕ್ಯಾಲೊರಿ: ಒಂದು ಲೋಟ ತಣ್ಣೀರು ಉಗುರುಬೆಚ್ಚಗಾಗಬಹುದು, ಅಷ್ಟೆ.

ಬೆಳಗ್ಗೆ ಕಾಫಿಯ ಹೊತ್ತಿಗೆ ಲೋಟದಲ್ಲಿ ನೀರು ತಂದಿಟ್ಟು, ತಪ್ಪನ್ನು ಒಪ್ಪಿಕೊಂಡು, ಇದನ್ನು ಹೇಳಿದೆ. ತಾಯಿಯವರು ಲೋಟವನ್ನೇ ದಿಟ್ಟಿಸಿ ನೋಡಿದರು. “ಹತ್ತು ವರ್ಷಕ್ಕೆ ಇಷ್ಟೇಯೆ? ಇಷ್ಟರಿಂದ ಗುಂಡಿಗೆ ನಡೆಯುವುದುಂಟೆ?” ಬಿಸಿಯ ಭಯ ಹೋಗಿ, ಸಾಲದೆಂಬ ಭಯ ಹತ್ತಿಕೊಂಡಿತು!

ನಮ್ಮೂರು ರೈಲ್ವೆ ಜಂಕ್ಷನ್ ಆದದ್ದು ಆಗ ಉಪಯೋಗಕ್ಕೆ ಬಂದಿತು. “ಅಮ್ಮ, ಗಾರ್ಡು ಹಸಿರು ಬಾವುಟ ಬೀಸಿದರೆ ರೈಲು ಹೊರಡುತ್ತದೆ. ಬಾವುಟವೇ ರೈಲನ್ನು ಎಳೆಯುತ್ತದೆಯೆ? ಹೃದಯದ ಕೆಲಸಕ್ಕೆ ಸುಮಾರು ಒಂದು ವಾಟು ಬೇಕು. ಅದನ್ನು ನೀವು ಉಂಡ ಅನ್ನವೇ ಕೊಡುತ್ತದೆ. ಯಂತ್ರವು ಬಾವುಟ ಬೀಸುತ್ತದೆ” ಎಂದೆ. ಅವರು ಉತ್ತರ ಕೊಡಲಿಲ್ಲ. ಆದರೆ ಆ ದಿನ ಇನ್ನೊಂದು ತುತ್ತು ಹೆಚ್ಚಾಗಿಯೇ ಊಟಮಾಡಿದರು.

ಗಾಯವು ಸೋಂಕಿಲ್ಲದೆ ಮಾಗಿತು. ಆರು ತಿಂಗಳ ತರುವಾಯ ಅವರ ಇಷ್ಟದಂತೆ ಹಳೇಬೀಡಿಗೂ ಬೇಲೂರಿಗೂ ಹೊರಟೆವು. ನನ್ನ ಅಜಾಗರೂಕತೆಯಿಂದ ಹಳೇಬೀಡನ್ನು ಸೇರಿದಾಗ ನಡುಮಧ್ಯಾಹ್ನ. ಹೊಯ್ಸಳೇಶ್ವರನ ಗುಡಿಯ ಬಳಿ ಚಪ್ಪಲಿ ಬಿಟ್ಟು ಬಿಸಿಲ ಕಲ್ಲಿನ ಮೇಲೆ ಕಾಲಿಟ್ಟೊಡನೆಯೇ ತಾಯಿಯವರು ಹುಡುಗಿಯಂತೆ ಚಂಗನೆ ಹಾರಿದರು. ನಡುಹಗಲ ಸೂರ್ಯನು ಒಂದು ಚದರ ಮೀಟರಿನ ಮೇಲೆ ಸಾವಿರ ವಾಟಿನಷ್ಟು ಸುರಿಯುತ್ತಾನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, “ಇದರ ಲೆಕ್ಕ ಬೇಡ ಮಗು, ಕಾಲಿಗೇ ತಿಳಿಯುತ್ತಿದೆ” ಎಂದು, ಬಿರಬಿರನೆ ಗುಡಿಯೊಳಗಿನ ನೆರಳಿಗೆ ನಡೆದರು. ಒಂದು ಕಂಬಕ್ಕೆ ಒರಗಿ ಕುಳಿತು, ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

“ಬೇಲೂರು ಇಲ್ಲಿಗೆಷ್ಟು ದೂರ?”

“ಹದಿನಾರು ಕಿಲೊಮೀಟರ್.”

“ಹಾಗಾದರೆ ಬಿಸಿಲಿಳಿದ ಮೇಲೆ ಹೊರಡೋಣ.”