ಕ್ಯಾರಿಯರ್ ಇಲ್ಲದ ಸೈಕಲ್ಲು

ಸೈಕಲ್ಲು ಓಡುವುದು ಎರಡು ಚಕ್ರಗಳ ಮೇಲೆ. ಆದರೆ ಸಂಸಾರ ಸಾಗುತ್ತಿದ್ದುದು ಅದರ ಕ್ಯಾರಿಯರಿನ ಮೇಲೆ. ಬೆಳಿಗ್ಗೆ ಗುಮಾಸ್ತರ ಊಟದ ಡಬ್ಬಿ, ಸಂಜೆ ತರಕಾರಿಯ ಚೀಲ, ಭಾನುವಾರ ಹಿಟ್ಟಿನ ಗಿರಣಿಗೆ ಹೊರಟ ರಾಗಿಯ ಡಬ್ಬ, ಜಾತ್ರೆಯ ದಿನ ಮಡದಿ, ಮಳೆಯ ದಿನ ಶಾಲೆಯಿಂದ ಮರಳುವ ಮಗು—ಎಲ್ಲಕ್ಕೂ ಹಿಂದಿನ ಚಕ್ರದ ಮೇಲಿನ ಆ ಕಬ್ಬಿಣದ ಸರಳುಗಳೇ ಆಶ್ರಯ. ಹೊಸ ಸೈಕಲ್ಲು ಬಂದಾಗ ಜನರು ಗಂಟೆಯನ್ನು ಮೆಚ್ಚಿದರು, ದೀಪವನ್ನು ಮೆಚ್ಚಿದರು, ಕ್ಯಾರಿಯರನ್ನು ಮೆಚ್ಚಿದವರಿಲ್ಲ. ಹೊರುವವರನ್ನು ಹೊಗಳುವ ವಾಡಿಕೆ ಮನೆಗಳಲ್ಲಿಯೂ ಕಡಮೆಯಷ್ಟೆ.

ಇಂದು ಅನುಕೂಲಸ್ಥರ ಮನೆಗಳಿಗೆ ಬಂದಿರುವ ಕಾರ್ಬನ್ ಸೈಕಲ್ಲಿಗೆ ಈ ಅಂಗವೇ ಇಲ್ಲ. ಅದು ಹುಟ್ಟಿದ ವಂಶವೇ ಬೇರೆ. ಅಮೆರಿಕದ ಕೆಸ್ಟ್ರೆಲ್ ಸಂಸ್ಥೆ ಇಡೀ ಚೌಕಟ್ಟನ್ನು ಇಂಗಾಲದ ಎಳೆಯಿಂದಲೇ ರೂಪಿಸಿ ಮಾರುಕಟ್ಟೆಗೆ ತಂದುದು 1986ರಲ್ಲಿ. 1992ರ ಬಾರ್ಸಿಲೋನಾ ಒಲಿಂಪಿಕ್ ಕೂಟದಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಇಂಗಾಲದ ಸೈಕಲ್ಲನ್ನೇರಿ ಚಿನ್ನ ಗೆದ್ದಾಗ ಅದರ ಕೀರ್ತಿ ಎಲ್ಲೆಡೆ ಹಬ್ಬಿತು. ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂಬ ನಿಯಮ 2000ದಲ್ಲಿ ಜಾರಿಗೆ ಬಂದಿತೆಂದರೆ, ಅದರ ಲಾಘವ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಇಂಥ ರಾಜಕುಮಾರನನ್ನು ಮನೆಗೆ ಕರೆತಂದ ಬೆಂಗಳೂರಿನ ತರುಣನಿಗೆ ಮೊದಲ ಪ್ರಶ್ನೆ ಬರುವುದು ಅಡಿಗೆಮನೆಯಿಂದ.

"ಅಷ್ಟೊಂದು ದುಡ್ಡು ಸುರಿದೆಯಲ್ಲೋ, ಎರಡು ಕಟ್ಟು ಸೊಪ್ಪು ಇಡೋಕೆ ಜಾಗವಿಲ್ಲವೇನೋ?"

"ಇದು ಹೊರೆ ಹೊರುವ ಸೈಕಲ್ಲಲ್ಲಮ್ಮ."

"ಹೊರದೇ ಇದ್ದಮೇಲೆ ಮನೆಗೆ ಯಾತಕ್ಕಪ್ಪಾ?"

ಈ ಮಾತಿಗೆ ಉತ್ತರವಿಲ್ಲ. ಅವನಾದರೂ ಅದನ್ನು ಕೊಂಡದ್ದು ಕಚೇರಿಗೂ ಹೋಗಿಬರುವ ಆಸೆಯಿಂದಲೇ. ಚೀಲವನ್ನು ಬೆನ್ನಿಗೆ ಬಿಗಿದುಕೊಂಡರೆ ಕಚೇರಿ ತಲಪುವಷ್ಟರಲ್ಲಿ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರುವುದಕ್ಕಷ್ಟೇ ಅದು ಮೀಸಲಾದರೆ, ಉಳಿದ ಆರು ದಿನ ಸ್ಕೂಟರೇ ಗತಿ. ಕ್ಯಾರಿಯರ್ ಕೂಡಿಸಿದರೆ ಸೈಕಲ್ಲು ಮನೆಯದಾಗುತ್ತದೆ; ಇಲ್ಲವಾದರೆ ಅತಿಥಿಯಾಗಿಯೇ ಉಳಿಯುತ್ತದೆ.

ಉಕ್ಕಿನ ಸೈಕಲ್ಲಿಗಾದರೆ ಇದೊಂದು ಸಮಸ್ಯೆಯೇ ಅಲ್ಲ. ಹಿಂದಿನ ಕೊಳವೆಗಳಿಗೆ ತಗಡಿನ ಪಟ್ಟಿ ಸುತ್ತಿ ಬೋಲ್ಟು ಬಿಗಿದರೆ ಆಯಿತು. ಇಂಗಾಲಕ್ಕೆ ಆ ಚಿಕಿತ್ಸೆ ಸಲ್ಲದು. ಹೂ ಕಟ್ಟುವ ಬಾಳೆನಾರನ್ನು ನೆನೆಯಬಹುದು: ಉದ್ದಕ್ಕೆ ಎಳೆದರೆ ಬೆರಳು ನೊಂದೀತೇ ಹೊರತು ನಾರು ಹರಿಯದು; ಉಗುರು ತಾಗಿಸಿದರೆ ಸುಲಭವಾಗಿ ಸೀಳುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು, ಬಲ ಬೀಳುವ ದಿಕ್ಕನ್ನು ಎಣಿಸಿ ಪದರಪದರವಾಗಿ ಹಾಸಿ, ರಾಳದಲ್ಲಿ ಬೆಸೆದುದೇ ಕಾರ್ಬನ್ ಚೌಕಟ್ಟು. ಸವಾರನ ಭಾರ, ರಸ್ತೆಯ ಪೆಟ್ಟು, ಇವು ಆ ಎಣಿಕೆಯೊಳಗುಂಟು. ತೆಳುಗೋಡೆಯನ್ನು ಸುತ್ತಲಿಂದ ಹಿಚುಕುವ ಪಟ್ಟಿ ಅದರೊಳಗಿಲ್ಲ. ಉಕ್ಕು ನೊಂದರೆ ಬಾಗಿ ತೋರಿಸುತ್ತದೆ. ಇಂಗಾಲವಾದರೋ ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಬಿರುಕು ಬಿಟ್ಟು, ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು.

ಹಾಗಾದರೆ ಉಪಾಯವಿಲ್ಲವೆ? ಉಂಟು. ಕೆಲವು ಚೌಕಟ್ಟುಗಳಲ್ಲಿ ತಯಾರಕರೇ ತಿರುಪು ಹಿಡಿಯುವ ಲೋಹದ ಕುಳಿಗಳನ್ನು ಹುದುಗಿಸಿರುತ್ತಾರೆ. ಅವು ಬರಿಯ ಮಡ್‌ಗಾರ್ಡಿಗೋ, ಕ್ಯಾರಿಯರಿಗೂ ಆದೀತೋ, ಎಷ್ಟು ಕಿಲೋ ತಡೆದಾವೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಕುಳಿಗಳಿಲ್ಲದಿದ್ದರೆ ಹಿಂದಿನ ಚಕ್ರದ ಅಚ್ಚಿನ ಮೊರೆ ಹೊಗಬೇಕು. ಚಕ್ರದ ನಡುವೆ ತೂರಿಹೋಗುವ ಅಚ್ಚನ್ನು ತೆಗೆದು, ಎರಡು ತುದಿಗಳಲ್ಲೂ ಕ್ಯಾರಿಯರಿನ ಕಾಲು ನಿಲ್ಲಲು ಎಡೆಯಿರುವ ಬೇರೊಂದು ಅಚ್ಚನ್ನು ಹಾಕುತ್ತಾರೆ. ಅದರ ಉದ್ದವೂ ತಿರುಪಿನ ಸುತ್ತೂ ಹಳೆಯದಕ್ಕೆ ಸರಿಹೊಂದಬೇಕು. ಮೇಲೆ, ಸೀಟಿನ ಕಂಬವನ್ನು ಹಿಡಿದಿರುವ ಬಳೆಯ ಜಾಗದಲ್ಲಿ ತಿರುಪಿನ ಕಿವಿಗಳುಳ್ಳ ಲೋಹದ ಬಳೆ. ಹೊರೆಯ ಭಾರ ಕಾಲುಗಳ ಮೂಲಕ ಅಚ್ಚಿಗೆ ಇಳಿಯುತ್ತದೆ. ಕ್ಯಾರಿಯರ್ ಹಿಂದಕ್ಕೆ ವಾಲದಂತೆ, ಅತ್ತಿತ್ತ ತೂಗದಂತೆ ಹಿಡಿಯುವುದಷ್ಟೇ ಬಳೆಯ ಕೆಲಸ. ಸೀಟಿನ ಕಂಬವನ್ನೇ ಕಚ್ಚಿಕೊಂಡು ನಿಲ್ಲುವ, ಕಾಲಿಲ್ಲದ ಕ್ಯಾರಿಯರುಗಳೂ ಉಂಟು. ಕಂಬವೂ ಇಂಗಾಲದ್ದಾದರೆ ಅವುಗಳ ಗೊಡವೆ ಬೇಡ.

ಬಿಗಿಯುವಾಗ ತೋಳ್ಬಲ ತೋರಿಸುವಂತಿಲ್ಲ. ಬಳೆಯ ಮೇಲೆ 5 ನ್ಯೂಟನ್ ಮೀಟರ್ ಎಂಬಂಥ ಅಂಕಿಯನ್ನು ಕೆತ್ತಿರುವುದುಂಟು. ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಐದು ಕಿಲೋ ಅಕ್ಕಿಯ ಚೀಲ ತೂಗುಹಾಕಿದಷ್ಟು ಬಲ ಅದು. ಅದನ್ನು ಅಳೆದು ಬಿಗಿಯುವ ಸ್ಪ್ಯಾನರುಗಳೇ ಇವೆ. ಪಂದ್ಯದ ಸೈಕಲ್ಲಿನಲ್ಲಿ ಹಿಂದಿನ ಚಕ್ರ ಪೆಡಲಿಗೆ ಬಹು ಸಮೀಪ. ಪಕ್ಕದ ಚೀಲ ಮುಂದಾದರೆ ಹಿಮ್ಮಡಿ ಬಡಿಯುತ್ತದೆ. ತೀರ ಹಿಂದಾದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೊನೆಯುತ್ತದೆ. ಮಗುವನ್ನಂತೂ ಇದರ ಮೇಲೆ ಕೂರಿಸಲಾಗದು. ಹಳೆಯ ಕ್ಯಾರಿಯರಿನ ಆ ಒಂದು ಪುಣ್ಯ ಇದರ ಪಾಲಿಗೆ ಬಂದಿಲ್ಲ.

ಇಷ್ಟೆಲ್ಲ ಸಾಹಸದ ಫಲವಾಗಿ ಸೈಕಲ್ಲಿನ ತೂಕವೇನೋ ಹೆಚ್ಚುತ್ತದೆ. ಒಂದೊಂದು ಗ್ರಾಮ್ ಇಳಿಸಲು ಹಣ ತೆತ್ತವರಿಗೆ ಇದು ಹುಚ್ಚಾಗಿ ಕಂಡೀತು. ಆದರೆ ಬದುಕಿನಲ್ಲಿ ಹೊರೆಯೇ ಇಲ್ಲದ ಹಗುರ ಯಾರಿಗೂ ಬಹುಕಾಲ ದಕ್ಕುವುದಿಲ್ಲ. ದಕ್ಕುವ ಜಾಣತನವೆಂದರೆ ಭಾರವನ್ನು ಎಲ್ಲಿ ಇಳಿಸಬೇಕೆಂಬುದನ್ನು ಅರಿಯುವುದು. ಸೂಕ್ಷ್ಮವಾದುದರ ಕೊರಳಿಗೆ ಬಿಗಿಯದೆ, ತಾಳಬಲ್ಲ ಎಡೆಯನ್ನು ಹುಡುಕಿ ಇಟ್ಟರೆ, ಹಗುರವಾದುದೂ ತನ್ನ ಪಾಲನ್ನು ಹೊರುತ್ತದೆ. ಕೂಡಿ ಬಾಳುವ ಮನೆಗಳು ಇದನ್ನು ಬಹುಕಾಲದಿಂದ ಬಲ್ಲವು.